ಡಿಸೆಂಬರಿನ ಮಲೆನಾಡಿಗೆ ಹೊರಡುವವರಿಗೆ

ದೀಪಾವಳಿಯ ಪಟಾಕಿ ಸದ್ದು ಅಡಗಿತೋ ಇಲ್ಲವೋ, ಬೆಂಗಳೂರಿನ ಮನೆಗಳಲ್ಲಿ ವರ್ಷದ ಕೊನೆಯ ರಜೆಯ ಮಾತು ಶುರುವಾಗುತ್ತದೆ. ಮಲೆನಾಡಿಗೆ ಹೋಗೋಣ ಎಂದು ಒಬ್ಬರು ಅಂದರೆ ಸಾಕು, ಒಂದೇ ಸಂಜೆಯಲ್ಲಿ ಪಟ್ಟಿ ತಯಾರು. ಮೊದಲ ದಿನ ಬೇಲೂರು, ಹಳೇಬೀಡು ಮುಗಿಸಿಕೊಂಡು ಚಿಕ್ಕಮಗಳೂರು. ಎರಡನೆಯ ದಿನ ಬೆಳಿಗ್ಗೆ ಮುಳ್ಳಯ್ಯನಗಿರಿ, ಮಧ್ಯಾಹ್ನ ಹೊರನಾಡಿನಲ್ಲಿ ಊಟ, ಆಮೇಲೆ ಶೃಂಗೇರಿ, ಸಂಜೆಗೆ ಆಗುಂಬೆಯ ಸೂರ್ಯಾಸ್ತ. ಮೂರನೆಯ ದಿನ ಜೋಗ, ಸಿಗಂದೂರು. ನಾಲ್ಕನೆಯ ದಿನ ದಾರಿಯಲ್ಲಿ ಏನಾದರೂ ಸಿಕ್ಕರೆ ನೋಡಿಕೊಂಡು ವಾಪಸ್. ಪಟ್ಟಿ ಮಾಡುವವರ ಉತ್ಸಾಹದ ಬಗ್ಗೆ ತಕರಾರಿಲ್ಲ; ಒಂದಿಡೀ ಕುಟುಂಬ ಒಮ್ಮತಕ್ಕೆ ಬರುವ ಅಪರೂಪದ ಗಳಿಗೆ ಅದು. ತಕರಾರಿರುವುದು ಪಟ್ಟಿಗೆ ಅಂಟಿಕೊಂಡು ಬರುವ ಚಿತ್ರಗಳ ಬಗ್ಗೆ. ಜೋಗದ ನಾಲ್ಕೂ ಧಾರೆಗಳು ಭೋರ್ಗರೆಯುವ ಚಿತ್ರ ಆಗಸ್ಟಿನದು. ಮಂಡಗದ್ದೆಯಲ್ಲಿ ತುಂಗೆಯ ನಡುಗಡ್ಡೆಯ ಮರಗಳ ತುಂಬ ಬೆಳ್ಳಕ್ಕಿಗಳು ಗೂಡು ಕಟ್ಟಿ ಕೂತಿರುವ ಚಿತ್ರವೂ ಮಳೆಗಾಲದ್ದೇ. ಮರಿಗಳ ರೆಕ್ಕೆ ಬಲಿತ ಮೇಲೆ ಅವು ಯಾರ ರಜೆಗೂ ಕಾದು ಕೂರುವುದಿಲ್ಲ. ಮುಳ್ಳಯ್ಯನಗಿರಿಯ ಹಚ್ಚಹಸಿರು ಹುಲ್ಲು ಸೆಪ್ಟೆಂಬರ್, ಅಕ್ಟೋಬರಿನದು. ಡಿಸೆಂಬರ್ ಕೊನೆಗೆ ಅದು ಹೊಂಬಣ್ಣಕ್ಕೆ ತಿರುಗಿ ಒಣಗತೊಡಗಿರುತ್ತದೆ. ಚಿತ್ರಗಳೆಲ್ಲ ಮಳೆಗಾಲದವು, ರಜೆ ಮಾತ್ರ ಚಳಿಗಾಲದ್ದು. ನನ್ನ ವಾದ ಇಷ್ಟೇ: ಚಳಿಗಾಲದ ಮಲೆನಾಡಿಗೆ ಸ್ಥಳಗಳ ಪಟ್ಟಿ ಹಿಡಿದು ಹೋಗುವುದಕ್ಕಿಂತ, ಆ ತಿಂಗಳುಗಳಲ್ಲಿ ಅಲ್ಲಿ ನಡೆಯುವ ಕೆಲಸದ ಪಂಚಾಂಗ ಹಿಡಿದು ಹೋಗುವುದು ಲೇಸು.

ಜೋಗವನ್ನೇ ನೋಡಿ. ರಾಜಾ ಧಾರೆ 253 ಮೀಟರ್ ಮೇಲಿಂದ ಬೀಳುತ್ತದೆ ಎಂದು ಪಠ್ಯಪುಸ್ತಕದ ಕಾಲದಿಂದಲೂ ನಮಗೆ ಬಾಯಿಪಾಠ. ಆದರೆ ಡಿಸೆಂಬರಿನಲ್ಲಿ ಅಲ್ಲಿಗೆ ಹೋದವರಿಗೆ ಹೆಚ್ಚಾಗಿ ಸಿಗುವುದು ಕಪ್ಪುಬಂಡೆಯ ಗೋಡೆ, ಅದರ ಮೇಲೆ ನಾಲ್ಕು ಬಿಳಿ ಗೆರೆ. ಕಾರಣ ನಿಗೂಢವೇನಲ್ಲ. 1964ರಲ್ಲಿ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಬಂದ ಮೇಲೆ ಶರಾವತಿ ತನ್ನಿಷ್ಟಕ್ಕೆ ಧುಮುಕುವ ನದಿಯಾಗಿ ಉಳಿದಿಲ್ಲ. ಒಳ್ಳೆಯ ಮಳೆಯ ವರ್ಷ ಜಲಾಶಯ ತುಂಬಿ ಗೇಟು ತೆಗೆದರೆ ಜೋಗಕ್ಕೆ ಹಳೆಯ ವೈಭವ. ಮಳೆ ನಿಂತ ಮೇಲೆ ನೀರೆಲ್ಲ ಪೆನ್‌ಸ್ಟಾಕ್ ಪೈಪುಗಳಲ್ಲಿ ಇಳಿದು ವಿದ್ಯುತ್ತಾಗುತ್ತದೆ. 1035 ಮೆಗಾವ್ಯಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಬೇಸಿಗೆಯವರೆಗೂ ಆ ನೀರೇ ಆಧಾರ. ಜೋಗದ ಕಟಾಂಜನಕ್ಕೆ ಒರಗಿ, ನೀರೆಲ್ಲಿ ಎಂದು ಗೊಣಗುತ್ತ ಫೋನು ತೆಗೆಯುವವರು ಆ ಫೋನಿನ ಬ್ಯಾಟರಿಯನ್ನು ಒಮ್ಮೆ ಗೌರವದಿಂದ ನೋಡಬಹುದು. ಜಲಪಾತದ ಒಂದು ಹನಿ ಅದರಲ್ಲೂ ಇರಬಹುದು. ಇಷ್ಟರ ಮೇಲೆ 2025ರ ಆರಂಭದಲ್ಲಿ ಅಭಿವೃದ್ಧಿ ಕಾಮಗಾರಿಗೆಂದು ಜೋಗದ ಪ್ರವೇಶವನ್ನೇ ಕೆಲವು ತಿಂಗಳು ಬಂದ್ ಮಾಡಿದ್ದೂ ಉಂಟು. ವಿಚಾರಿಸದೆ ಹೊರಟವರ ಪಟ್ಟಿಯಲ್ಲಿ ಆಗಲೂ ಜೋಗ ಇತ್ತು. ಹಾಗೆಂದು ಜೋಗಕ್ಕೆ ಚಳಿಗಾಲದಲ್ಲಿ ಹೋಗಲೇಬಾರದೆಂದಲ್ಲ. ನೀರಿನ ಪರದೆ ಸರಿದಾಗ ಕಣಿವೆಯ ಆಳ, ಬಂಡೆಯ ಸೀಳುಗಳು ಚೆನ್ನಾಗಿ ಕಾಣುತ್ತವೆ. ಬಂಡೆ ನೋಡಲು ಹೋದವರಿಗೆ ನಿರಾಸೆಯಿಲ್ಲ, ನೀರು ನೋಡಲು ಹೋದವರಿಗೆ ಮಾತ್ರ ಮೋಸ.

ಇನ್ನು ಲೆಕ್ಕಾಚಾರ. ಡಿಸೆಂಬರ್ ಕೊನೆಯಲ್ಲಿ ಶಿವಮೊಗ್ಗದ ಆಸುಪಾಸಿನಲ್ಲಿ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ, ಮುಳುಗುವುದು 6.05ರ ಹೊತ್ತಿಗೆ. ಕೈಗೆ ಸಿಗುವ ಬೆಳಕು ಹನ್ನೊಂದೂಕಾಲು ಗಂಟೆ. ಪಟ್ಟಿಯ ಎರಡನೆಯ ದಿನವನ್ನು ಇದರೊಳಗೆ ಕೂರಿಸಿ ನೋಡಿ. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿಗೆ ಹೋಗಿ ಇಳಿದು, ಹೊರನಾಡಿಗೆ ಹೋಗಿ, ಅಲ್ಲಿಂದ ಶೃಂಗೇರಿ, ಶೃಂಗೇರಿಯಿಂದ ಆಗುಂಬೆ ಎಂದರೆ ಹೆಚ್ಚುಕಡಿಮೆ 240 ಕಿಲೋಮೀಟರ್. ಬಯಲುಸೀಮೆಯ ಹೆದ್ದಾರಿಯಲ್ಲಿ ಇದು ನಾಲ್ಕು ತಾಸಿನ ಮಾತು. ತಿರುವಿಗೊಂದು ತಿರುವಿರುವ ಮಲೆನಾಡಿನ ರಸ್ತೆಯಲ್ಲಿ ಗಂಟೆಗೆ ಸರಾಸರಿ 30–35 ಕಿಲೋಮೀಟರ್ ದಾಟಿದರೆ ಪುಣ್ಯ. ಏಳು ತಾಸು ಕಾರಿನಲ್ಲೇ ಹೋಯಿತು. ಉಳಿದ ನಾಲ್ಕು ತಾಸಿನಲ್ಲಿ ನಾಲ್ಕು ಊರು. ಅದರೊಳಗೆ ಪಾರ್ಕಿಂಗ್ ಹುಡುಕಾಟ, ದರ್ಶನದ ಸಾಲು, ಊಟದ ಸಾಲು, ಹಿಂದಿನ ಸೀಟಿನವರಿಗೆ ಹೊಟ್ಟೆ ತೊಳಸಿದಾಗ ಗಾಡಿ ನಿಲ್ಲಿಸುವ ವಿರಾಮಗಳು. ಮದುವೆಮನೆಯ ಎಲೆಯಲ್ಲಿ ಬಡಿಸಿದ್ದನ್ನೆಲ್ಲ ಒಂದೊಂದು ತುತ್ತು ಮುಟ್ಟಿ ಎದ್ದುಬಂದ ಹಾಗಾಗುತ್ತದೆ, ಊಟ ಮಾಡಿದ್ದೂ ಹೌದು, ಹಸಿವು ಹಾಗೇ ಇರುವುದೂ ಹೌದು. ಕೊನೆಗೆ ಆಗುಂಬೆ ಮುಟ್ಟುವಾಗ ಸೂರ್ಯ ಮುಳುಗಿಯಾಗಿರುತ್ತದೆ, ಘಾಟಿಯ ಅಂಚಿನಲ್ಲಿ ಉಳಿದಿರುವುದು ವಾಹನಗಳ ಹಿಂದಿನ ಕೆಂಪು ದೀಪ. ಪಟ್ಟಿಯಲ್ಲಿ ಗುರುತು ಹಾಕಬಹುದು, ನೋಡಿದೆವು ಎನ್ನುವುದು ಕಷ್ಟ.

ಹಾಗಾದರೆ ಈ ಋತುವಿಗೆ ತನ್ನದೆಂಬ ಸೊಗಸೇ ಇಲ್ಲವೇ? ಧಾರಾಳವಾಗಿ ಇದೆ, ಆದರೆ ಅದು ಗಂಟೆಗೆ ಕಟ್ಟುಬಿದ್ದದ್ದು. ಮಂಜನ್ನೇ ತೆಗೆದುಕೊಳ್ಳಿ. ಮಳೆಗಾಲದಲ್ಲಿ ಗಿರಿಯ ಮೇಲೆ ನಾವು ಮಂಜು ಎನ್ನುವುದು ನಿಜಕ್ಕೂ ಮೋಡವೇ; ಜುಲೈನಲ್ಲಿ ಮುಳ್ಳಯ್ಯನಗಿರಿ ಹತ್ತಿದವರಿಗೆ ಪಕ್ಕದಲ್ಲಿ ನಿಂತ ಹೆಂಡತಿಯ ಕೊಡೆಯ ಬಣ್ಣವಷ್ಟೇ ಕಾಣುತ್ತದೆ. ಚಳಿಗಾಲದ ಮಂಜಿನ ಹುಟ್ಟು ಬೇರೆ. ಆಕಾಶ ತಿಳಿಯಾಗಿರುವ ರಾತ್ರಿ ನೆಲದ ಕಾವು ಬೇಗ ಆರುತ್ತದೆ. ತಣ್ಣಗಾದ ಗಾಳಿ ಭಾರವಾಗಿ ಇಳಿಜಾರಿನಲ್ಲಿ ಜಾರಿ ಕಣಿವೆಯ ತಳದಲ್ಲಿ, ಹೊಳೆಯ ಮೇಲೆ, ಗದ್ದೆ ಬಯಲಿನಲ್ಲಿ ನಿಲ್ಲುತ್ತದೆ. ಬೆಳಗಿನ ಜಾವಕ್ಕೆ ಅದೇ ಮಂಜಾಗುತ್ತದೆ. ಅಂದರೆ ಮಂಜು ಕೆಳಗೆ, ನೋಡುವವರು ಮೇಲೆ. ಸೂರ್ಯ ಹುಟ್ಟುವಾಗ ಎತ್ತರದಲ್ಲಿ ಇದ್ದವರಿಗೆ ಕಣಿವೆಗಳೆಲ್ಲ ತುಂಬಿ, ಗುಡ್ಡದ ತಲೆಗಳು ಮಾತ್ರ ನಡುಗಡ್ಡೆಗಳಂತೆ ಉಳಿದಿರುವ ನೋಟ ಸಿಗುತ್ತದೆ. ಬಿಸಿಲು ಏರಿ ಒಂಬತ್ತು, ಹತ್ತು ಗಂಟೆಯಾದರೆ ಎಲ್ಲ ಕರಗಿತು. ಹೋಟೆಲಿನ ಉಪಾಹಾರ ಮುಗಿಸಿ ಹನ್ನೊಂದಕ್ಕೆ ಗಿರಿ ಹತ್ತುವವರು ಮಂಜಿಲ್ಲ ಎಂದು ಮರುಗಿದರೆ ತಪ್ಪು ಗಿರಿಯದ್ದಲ್ಲ. ಸಂಜೆಯ ಮಾತೂ ಹಾಗೆಯೇ. ಆಗುಂಬೆಯ ಅಂಚಿನಿಂದ ಅರಬ್ಬೀ ಸಮುದ್ರದ ಕಡೆಗೆ ಸೂರ್ಯ ಇಳಿಯುವುದನ್ನು ನೋಡಲು ಹೇಳಿಮಾಡಿಸಿದ ತಿಂಗಳುಗಳಿವು. ಮಳೆಗೇ ಹೆಸರಾದ ಆ ಊರಿನಲ್ಲಿ ಆಕಾಶ ಖಾಲಿ ಸಿಗುವುದೇ ಆಗ. ಆದರೆ ಐದೂವರೆಗೆ ಅಲ್ಲಿರಬೇಕು.

ಮಳೆಗಾಲ ನೀರಿಗೆ, ಚಳಿಗಾಲ ಕಲ್ಲಿಗೆ ಎಂದು ಇಟ್ಟುಕೊಂಡರೆ ಅರ್ಧ ಯೋಜನೆ ಸಲೀಸು. ಕವಲೇದುರ್ಗದ ಕೋಟೆಯ ಏರುದಾರಿಯ ಚಪ್ಪಡಿಗಳು ಮಳೆಯಲ್ಲಿ ಪಾಚಿ ಕಟ್ಟಿ ಕಾಲು ನಿಲ್ಲಗೊಡುವುದಿಲ್ಲ; ಡಿಸೆಂಬರಿನಲ್ಲಿ ವಯಸ್ಸಾದವರೂ ನಿಧಾನಕ್ಕೆ ಹತ್ತಬಹುದು. ಕೆಳದಿ, ಇಕ್ಕೇರಿ, ನಗರ, ಹೀಗೆ ಕೆಳದಿ ಅರಸರು ಒಂದಾದ ಮೇಲೊಂದರಂತೆ ರಾಜಧಾನಿ ಮಾಡಿಕೊಂಡ ಊರುಗಳೆಲ್ಲ ಸಾಗರ, ಹೊಸನಗರದ ಸುತ್ತಲೇ ಇವೆ. ಬಿದನೂರು ಎನಿಸಿಕೊಂಡಿದ್ದ ನಗರ 1763ರಲ್ಲಿ ಹೈದರಾಲಿಯ ಕೈಸೇರುವವರೆಗಿನ ಕತೆ ಎರಡು ದಿನದಲ್ಲಿ ನಡೆದೇ ಓದುವಷ್ಟು ಹತ್ತಿರ. ಬೇಲೂರು, ಹಳೇಬೀಡಿಗೂ ಇದೇ ಸರಿಯಾದ ಕಾಲ, ಅದೂ ಬರೀ ಸೆಕೆ ಇಲ್ಲವೆಂದಲ್ಲ. ಏಪ್ರಿಲ್ ಕೊನೆಯಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲಿರುತ್ತಾನೆ, ಸೂರಿನ ನೆರಳು ವಿಗ್ರಹಗಳ ಮುಖದ ಮೇಲೆ ಬಿದ್ದು ಅರ್ಧ ಕೆತ್ತನೆ ಕತ್ತಲಾಗುತ್ತದೆ. ಡಿಸೆಂಬರಿನ ಸೂರ್ಯ ನಡುಮಧ್ಯಾಹ್ನದಲ್ಲೂ ದಕ್ಷಿಣಕ್ಕೆ ವಾಲಿಕೊಂಡು ತಗ್ಗಿನಲ್ಲೇ ಸಾಗುವುದರಿಂದ ದಕ್ಷಿಣದ ಗೋಡೆಗೆ ಓರೆಬಿಸಿಲು ಬಿದ್ದು, ಹೊಯ್ಸಳ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಆಳವಾಗಿ ಕೊರೆದ ಬಳ್ಳಿ, ಬಳೆ, ಮುಡಿಯೆಲ್ಲ ಎದ್ದು ಕಾಣುತ್ತದೆ. 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮೇಲೆ ಅಲ್ಲಿ ಜನ ಹೆಚ್ಚಾಗಿದ್ದಾರೆ. ಬೆಳಿಗ್ಗೆಯೇ ಹೋದರೆ ಒಳ್ಳೆಯದು. ಡಿಸೆಂಬರ್ ನಡುವಿನಿಂದ ಧನುರ್ಮಾಸವಾದ್ದರಿಂದ ದೇವಸ್ಥಾನಗಳಲ್ಲಿ ಪೂಜೆಯೂ ನಸುಕಿಗೇ ಶುರು. ಬೇಗ ಏಳುವುದಕ್ಕೆ ಇನ್ನೊಂದು ನೆಪ, ಜೊತೆಗೆ ಬಿಸಿ ಹುಗ್ಗಿ.

ಆದರೆ ಬೆಳಕು, ಮಂಜು, ಕಲ್ಲು ಇವೆಲ್ಲ ಪಕ್ಕವಾದ್ಯ. ಚಳಿಗಾಲದ ಮಲೆನಾಡಿನ ನಿಜವಾದ ಸಂಗತಿ ಕೊಯ್ಲು. ದೇಶದ ಕಾಫಿಯಲ್ಲಿ ಸುಮಾರು ಶೇಕಡಾ 70ರಷ್ಟು ಬೆಳೆಯುವುದು ಕರ್ನಾಟಕದಲ್ಲಿ, ಅದೂ ಹೆಚ್ಚುಕಡಿಮೆ ಎಲ್ಲವೂ ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಲ್ಲಿ. ಅರೇಬಿಕಾ ಹಣ್ಣಾಗುವುದು ನವೆಂಬರಿನಿಂದ ಜನವರಿಯವರೆಗೆ, ಅದರ ಬೆನ್ನಿಗೇ ರೊಬಸ್ಟಾ. ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಮಾಗುವುದಿಲ್ಲ, ಕೆಂಪಾದದ್ದನ್ನಷ್ಟೇ ಬಿಡಿಸಿ ಹಸಿರನ್ನು ಬಿಟ್ಟು ಮತ್ತೆ ಬರಬೇಕು. ಒಂದೇ ಗಿಡಕ್ಕೆ ಮೂರು ನಾಲ್ಕು ಸುತ್ತು. ಬಿಡಿಸಿದ ಹಣ್ಣು ಅಂದೇ ಪಲ್ಪರಿಗೆ ಹೋಗಿ ಸಿಪ್ಪೆ ಕಳಚಬೇಕು, ಹುಳಿಯಬೇಕು, ತೊಳೆಯಬೇಕು, ಕಣಕ್ಕೆ ಬರಬೇಕು. ಸಿಪ್ಪೆ ಸಮೇತ ಒಣಗಿಸುವ ಚೆರ್ರಿಯಾದರೆ ಎರಡು ವಾರಕ್ಕೂ ಹೆಚ್ಚು ಕಾಲ ಬಿಸಿಲು ಬೇಕು. ಒಣಗಿತೇ ಎಂದು ತಿಳಿಯಲು ಕಣದವರು ಒಂದು ಹಿಡಿ ತೆಗೆದು ಕಿವಿಯ ಹತ್ತಿರ ಅಲುಗಿಸುತ್ತಾರೆ. ಒಳಗಿನ ಬೇಳೆ ಗಲಗಲ ಎಂದರೆ ಆಯಿತು, ಸದ್ದು ಮಂಕಾಗಿದ್ದರೆ ಇನ್ನೂ ಎರಡು ಬಿಸಿಲು. ಸಂಜೆ ಇಬ್ಬನಿ ಬೀಳುವ ಮುಂಚೆ ಎಲ್ಲವನ್ನೂ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕು, ಬೆಳಿಗ್ಗೆ ನೆಲದ ತೇವ ಆರಿದ ಮೇಲೆ ಮತ್ತೆ ಹರಡಬೇಕು. ಪ್ರವಾಸಿ ಕೈಮುಗಿದು ಬೇಡುವ ಮಂಜು ಕಣದವರಿಗೆ ಅರ್ಧ ದಿನದ ನಷ್ಟ. ಅಕಾಲದ ಮಳೆಯಂತೂ ಹೇಳುವುದೇ ಬೇಡ. 2024ರ ಡಿಸೆಂಬರ್ ಮೊದಲ ವಾರದಲ್ಲಿ ಫೆಂಗಲ್ ಚಂಡಮಾರುತದ ಮಳೆ ಕೊಡಗಿನವರೆಗೂ ಬಂದಾಗ ಬೆಳೆಗಾರರ ನಿದ್ದೆಗೆಟ್ಟಿದ್ದು ಕಣದಲ್ಲಿ ಹರಡಿದ್ದ ಕಾಫಿಗಾಗಿ, ಗಿಡದಲ್ಲೇ ಒಡೆದು ಉದುರುವ ಹಣ್ಣಿಗಾಗಿ. ಅಂಥ ವಾರ ಹೋಂಸ್ಟೇಯ ಮಾಲೀಕ ಮುಖ ಗಂಟಿಕ್ಕಿಕೊಂಡಿದ್ದರೆ ಅದನ್ನು ಆತಿಥ್ಯದ ಕೊರತೆ ಎಂದು ರೇಟಿಂಗ್ ಇಳಿಸುವುದು ಅನ್ಯಾಯ.

ತೀರ್ಥಹಳ್ಳಿ, ಕೊಪ್ಪ, ಸಾಗರದ ಕಡೆ ಇದೇ ಹೊತ್ತಿಗೆ ಅಡಿಕೆ. ಅಕ್ಟೋಬರಿನಲ್ಲಿ ಹಿಡಿದ ಕೊಯ್ಲು ಜನವರಿಯವರೆಗೂ ಎಳೆಯುತ್ತದೆ. ಕೊನೆ ಕೊಯ್ಯುವ ಕೊನೆಗೌಡ ಒಂದು ಮರ ಹತ್ತಿದರೆ ಇಳಿಯದೇ ತೂಗಾಡಿಕೊಂಡು ಪಕ್ಕದ ಮರಕ್ಕೆ ದಾಟುವ ಕಸುಬುದಾರಿಕೆ ಇನ್ನೂ ಪೂರ್ತಿ ಮರೆಯಾಗಿಲ್ಲ, ಆದರೆ ಹತ್ತುವವರು ಸಿಗದೆ ಈಗ ಎಷ್ಟೋ ತೋಟಗಳಲ್ಲಿ ನೆಲದಲ್ಲಿ ನಿಂತೇ ಕೊನೆ ಇಳಿಸುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಅಂಗಳದ ಒಂದು ಮಗ್ಗುಲಲ್ಲಿ ಸುಲಿಯುವ ಕೆಲಸ. ಮೆಟ್ಟುಗತ್ತಿಯ ಮಣೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಎದ್ದು ನಿಂತ ಅಲಗಿಗೆ ಹಸಿ ಅಡಿಕೆ ಒತ್ತಿ ಒಂದು ತಿರುವು ತಿರುವಿದರೆ ಸಿಪ್ಪೆ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಪಕ್ಕದವಳ ಜೊತೆ ಧಾರಾವಾಹಿಯ ಕತೆ ಮಾತಾಡುವಾಗ ಕಣ್ಣು ಅಲಗಿನ ಮೇಲೆ ಇರಬೇಕೆಂದೇನೂ ಇಲ್ಲ, ಬೆರಳಿಗೇ ಗೊತ್ತು. ಬೆರಳ ತುದಿಗಳು ಚೊಗರು ಹತ್ತಿ ಕಪ್ಪಾಗಿರುತ್ತವೆ, ಕೊಯ್ಲು ಮುಗಿದು ತಿಂಗಳಾದರೂ ಆ ಕಪ್ಪು ಹೋಗುವುದಿಲ್ಲ. ಸುಲಿಯುವ ಯಂತ್ರದ ಗಡಗಡ ಸದ್ದು ಈಗ ಈ ಮಾತುಕತೆಯನ್ನು ಬಹಳ ಕಡೆ ಮುಚ್ಚಿಹಾಕಿದೆ ಎನ್ನುವುದೂ ನಿಜ. ಸುಲಿದದ್ದು ಹಂಡೆಯಲ್ಲಿ ಚೊಗರಿನ ಜೊತೆ ಬೆಂದು ಕೆಂಪಾಗಿ, ಅಂಗಳಕ್ಕೆ ಹಾಕಿದ ಅಟ್ಟದ ಮೇಲೆ ಒಣಗುತ್ತದೆ. ಬೇಯುವ ಅಡಿಕೆಯ ಆ ಒಗರು ವಾಸನೆ ಡಿಸೆಂಬರಿನಲ್ಲಿ ತೀರ್ಥಹಳ್ಳಿ ಸೀಮೆಯ ಊರೂರಿಗೂ ಹಬ್ಬಿರುತ್ತದೆ; ಅದಕ್ಕೆ ಯಾವ ಪ್ರವಾಸಿ ಫಲಕದಲ್ಲೂ ಬಾಣದ ಗುರುತಿಲ್ಲ. ಹತ್ತಿರದ ಕುಪ್ಪಳಿಯಲ್ಲಿ ಕವಿಮನೆ ನೋಡಿ, ಕವಿಶೈಲ ಹತ್ತಿ ಬರುವವರು (ಡಿಸೆಂಬರ್ 29 ಕುವೆಂಪು ಹುಟ್ಟಿದ ದಿನ, ಆ ದಿನ ಜನ ಹೆಚ್ಚು) ಇಳಿದ ಮೇಲೆ ಒಂದು ಅಡಿಕೆ ಅಂಗಳವನ್ನೂ ನೋಡಲಿ. ಅವರ ಕಾದಂಬರಿಗಳ ಮಲೆನಾಡು ಬರೀ ಕಾಡು, ಬೆಟ್ಟವಲ್ಲ. ಗದ್ದೆ, ತೋಟ, ಕೊಟ್ಟಿಗೆಗಳಲ್ಲಿ ಮೈಮುರಿದು ದುಡಿಯುವವರ ಮಲೆನಾಡು. ಮೂಡಿಗೆರೆಯಲ್ಲಿ ತೋಟ ಮಾಡಿಕೊಂಡೇ ಬರೆದ ತೇಜಸ್ವಿಯವರದ್ದೂ ಅದೇ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಬರುತ್ತದೆ, ಬರಲೇಬೇಕು. ಜನ ಬೆವರು ಸುರಿಸಿ ದುಡಿಯುವುದನ್ನು ರಜೆಯ ಮೋಜಿಗೆಂದು ನೋಡುವುದು ಯಾವ ಸಭ್ಯತೆ? ತೋಟದ ಕೂಲಿಯವರೇನು ಪ್ರದರ್ಶನದ ಗೊಂಬೆಗಳೇ? ಪ್ರಶ್ನೆ ನ್ಯಾಯವಾದದ್ದು, ಅದಕ್ಕೆ ಪೂರ್ತಿ ತೃಪ್ತಿಯಾಗುವ ಉತ್ತರವೂ ನನ್ನಲ್ಲಿಲ್ಲ. ಆದರೆ ಪಟ್ಟಿ ಹಿಡಿದ ಪ್ರವಾಸ ಇದಕ್ಕಿಂತ ಸಭ್ಯವೇನಲ್ಲ. ಅದೇ ಕೂಲಿಯವರು ಹಣ್ಣಿನ ಚೀಲ ಹೊತ್ತು ರಸ್ತೆ ದಾಟುವಾಗ ಹಾರ್ನ್ ಹೊಡೆಯುವುದು, ಕಣದ ಮೇಲೆ ಬೂಟುಗಾಲಲ್ಲಿ ನಿಂತು ಸೆಲ್ಫಿ ತೆಗೆಯುವುದು, ರಸ್ತೆಬದಿಯ ಗಿಡದಿಂದ ಕೆಂಪು ಹಣ್ಣು ಕಿತ್ತು ಜೇಬಿಗಿಳಿಸುವುದು, ಇವೆಲ್ಲ ಕಾಣದಿರುವ ಅಸಭ್ಯತೆ. ಕೆಲಸ ಎಂಬುದೊಂದು ನಡೆಯುತ್ತಿದೆ ಎಂದೇ ಗೊತ್ತಿಲ್ಲದವರು ಮಾಡುವಂಥದು. ಗೊತ್ತಿದ್ದು ಹೋದವರು ಕೇಳಿಕೊಂಡು ಹತ್ತಿರ ಹೋಗುತ್ತಾರೆ, ದೂರ ನಿಲ್ಲಬೇಕಾದಲ್ಲಿ ನಿಲ್ಲುತ್ತಾರೆ. ಒಂದೆರಡು ಸೂಕ್ಷ್ಮ ತಿಳಿದಿದ್ದರೆ ಸಾಕು. ಹಣ್ಣು ಬಿಡಿಸುವವರಿಗೆ ಬಹಳ ಕಡೆ ತೂಕದ ಲೆಕ್ಕದಲ್ಲಿ ಕೂಲಿ. ನಾವು ಬುಟ್ಟಿ ಹಿಡಿದು ಪೋಸು ಕೊಡುವ ಹತ್ತು ನಿಮಿಷ ಅವರ ದುಡಿಮೆಯಿಂದ ಕಳೆದದ್ದು. ಹಾಗಾಗಿ ಮಾತಾಡಿಸುವುದಿದ್ದರೆ ಸಂಜೆ ತೂಕ ಮುಗಿದ ಮೇಲೆ. ಕೇಳದೆ ಫೋಟೊ ಬೇಡ, ಡ್ರೋನ್ ಅಂತೂ ಬೇಡವೇ ಬೇಡ. ಅವರಲ್ಲಿ ಎಷ್ಟೋ ಜನ ಉತ್ತರ ಕರ್ನಾಟಕದಿಂದ, ಅಸ್ಸಾಮಿನಿಂದ ಕೊಯ್ಲಿಗೆಂದು ಬಂದವರು. ಮಲೆನಾಡಿಗೆ ಅವರೂ ಹೊರಗಿನವರೇ, ನಮ್ಮ ಹಾಗೆ. ಅವರು ಬಂದದ್ದು ದುಡಿಯಲಿಕ್ಕೆ, ನಾವು ಬಂದದ್ದು ಖರ್ಚು ಮಾಡಲಿಕ್ಕೆ.

ಎರಡನೆಯ ಆಕ್ಷೇಪಣೆ ವ್ಯವಹಾರದ್ದು. ಇರುವುದೇ ನಾಲ್ಕು ದಿನ ರಜೆ, ಮತ್ತೆ ಯಾವಾಗ ಬರುತ್ತೇವೋ, ಅಷ್ಟು ದೂರ ಹೋಗಿ ಒಂದೇ ಊರಲ್ಲಿ ಕೂತು ಬರುವುದೇ? ಕೂತು ಬರಬೇಕೆಂದು ಯಾರೂ ಹೇಳುತ್ತಿಲ್ಲ. ನಾಲ್ಕು ದಿನಕ್ಕೆ ಒಂದು ತಾಲ್ಲೂಕು ಎಂದು ಲೆಕ್ಕ ಹಾಕಿದರೆ ಸಾಕು. ತೀರ್ಥಹಳ್ಳಿಯನ್ನು ನೆಲೆ ಮಾಡಿಕೊಂಡವರಿಗೆ ಕುಪ್ಪಳಿ, ಕವಲೇದುರ್ಗ, ಆಗುಂಬೆ ಎಲ್ಲವೂ ಒಂದು ತಾಸಿನ ಆಚೀಚೆ. ಶೃಂಗೇರಿ ಅರ್ಧ ದಿನ. ಮಾರ್ಗಶಿರದ ಎಳ್ಳಮಾವಾಸ್ಯೆ ಆ ದಿನಗಳಲ್ಲೇ ಬಿದ್ದರೆ ತುಂಗೆಯ ರಾಮತೀರ್ಥದಲ್ಲಿ ಜಾತ್ರೆ, ಸುತ್ತಲಿನ ಊರುಗಳೆಲ್ಲ ಅಲ್ಲೇ. ಸಾಗರದಲ್ಲಿ ಉಳಿದರೆ ಇಕ್ಕೇರಿ, ಕೆಳದಿ, ವರದಹಳ್ಳಿ, ಜೋಗ. ಸಿಗಂದೂರಿಗೆ ಮೊದಲಿನ ಹಾಗೆ ಲಾಂಚಿಗೆ ಸಾಲು ನಿಲ್ಲಬೇಕಿಲ್ಲ, 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದಿದೆ. ಲಾಂಚಿನ ಮೋಜು ಹೋಯಿತೆಂದು ಪ್ರವಾಸಿಗಳು ಮರುಗುವುದುಂಟು. ರಾತ್ರಿಹೊತ್ತು ಆಸ್ಪತ್ರೆಗೆ ಹೋಗಬೇಕಾದರೆ ದಿಕ್ಕುತೋಚದೆ ದಡದಲ್ಲಿ ನಿಂತ ಹಿನ್ನೀರಿನ ಜನ ಆ ಮರುಕಕ್ಕೆ ಏನು ಹೇಳಬಹುದೆಂದು ಊಹಿಸಬಹುದು. ಇನ್ನು, ಎಲ್ಲವನ್ನೂ ಒಂದೇ ಸಲ ನೋಡಿ ಮುಗಿಸದಿದ್ದರೆ ಮತ್ತೆ ಬರುವ ಕಾರಣವೊಂದು ಉಳಿಯುತ್ತದೆ. ಮಲೆನಾಡು ಬೆಂಗಳೂರಿನಿಂದ ಆರೇಳು ತಾಸಿನ ದಾರಿ, ಅಂಟಾರ್ಕ್ಟಿಕಾ ಅಲ್ಲ.

ಮಕ್ಕಳಿಗೆ ಬೇಸರವಾಗುತ್ತದೆ ಎನ್ನುವವರಿಗೆ ಹೇಳಬೇಕಾದದ್ದು ಕಡಿಮೆ. ಮಕ್ಕಳಿಗೆ ಬೇಸರವಾಗುವುದು ಕಾರಿನಲ್ಲಿ. ಪಲ್ಪರಿನ ಬಾಯಿಗೆ ಕೆಂಪು ಹಣ್ಣು ಹೋಗಿ ಲೋಳೆ ಲೋಳೆ ಬೀಜ ಹೊರಬರುವುದನ್ನು ನೋಡುತ್ತ ಎಷ್ಟು ಹೊತ್ತಾದರೂ ನಿಲ್ಲಬಲ್ಲವರು ಅವರು. ಸಕ್ರೆಬೈಲಿನಲ್ಲಿ ಆನೆಗಳನ್ನು ತುಂಗೆಗಿಳಿಸಿ ಮೈತಿಕ್ಕುವುದು ಬೆಳಗಿನ ಹೊತ್ತು. ಅದಕ್ಕೆ ಸರಿಯಾಗಿ ಹೋದರೆ ಆ ದಿನ ಮತ್ತೇನೂ ಬೇಕಾಗುವುದಿಲ್ಲ, ಮಧ್ಯಾಹ್ನ ಹೋದರೆ ಅಲ್ಲಿ ಏನೂ ಇರುವುದಿಲ್ಲ.

ಕ್ರಿಸ್‌ಮಸ್‌ನಿಂದ ಹೊಸವರ್ಷದವರೆಗಿನ ಜನಜಂಗುಳಿಯಿಂದಲೇ ಅಲ್ಲಿನವರ ಹೊಟ್ಟೆ ತುಂಬುತ್ತದಲ್ಲ, ಅದನ್ನು ಬೇಡ ಎನ್ನಲು ನೀವು ಯಾರು ಎಂಬ ಮಾತೂ ಇದೆ. ಹೋಂಸ್ಟೇ, ಹೋಟೆಲು, ಜೀಪು ಇಟ್ಟವರಿಗೆ ಆ ವಾರ ದೊಡ್ಡದು, ಅಲ್ಲಗಳೆಯುವಂತಿಲ್ಲ. ಆದರೆ ವರ್ಷದ ಗಳಿಕೆಯೆಲ್ಲ ಹತ್ತು ದಿನಕ್ಕೆ ತುರುಕಿಕೊಂಡರೆ ಆ ಹತ್ತು ದಿನ ಯಾರಿಗೂ ಸುಖವಿಲ್ಲ. ಕೇಂದ್ರ ಪಠ್ಯಕ್ರಮದ ಶಾಲೆಗಳಿಗೂ ಐಟಿ ಕಚೇರಿಗಳಿಗೂ ರಜೆ ಒಟ್ಟಿಗೇ ಬರುವುದು ಆಗ. ರಾಜ್ಯದ ಶಾಲೆಗಳ ಶೈಕ್ಷಣಿಕ ಪ್ರವಾಸದ ಬಸ್ಸುಗಳು ತಿರುಗುವುದೂ ಡಿಸೆಂಬರ್, ಜನವರಿಯಲ್ಲೇ. ದತ್ತಜಯಂತಿಯ ಸುತ್ತಿನ ದಿನಗಳಲ್ಲಿ ಬಾಬಾಬುಡನ್‌ಗಿರಿ ಕಡೆಗೆ ಪ್ರವಾಸಿಗಳನ್ನು ಬಿಡದಿರುವುದು ವಾಡಿಕೆಯಾಗಿದೆ. 2024ರ ಗಣರಾಜ್ಯೋತ್ಸವದ ವಾರಾಂತ್ಯದಲ್ಲಿ ಕುಮಾರ ಪರ್ವತದ ಬುಡದಲ್ಲಿ ನೆರೆದ ಜನಸಾಗರದ ಚಿತ್ರಗಳನ್ನು ಕಂಡ ಮೇಲೆ ಅರಣ್ಯ ಇಲಾಖೆ ಚಾರಣಗಳಿಗೆ ತಡೆ ಹಾಕಿ, ಆಮೇಲೆ ಆನ್‌ಲೈನ್ ಟಿಕೆಟ್ ಮತ್ತು ದಿನದ ಮಿತಿ ತಂದಿತು. 2025ರಿಂದ ಮುಳ್ಳಯ್ಯನಗಿರಿಯ ವಾಹನಗಳಿಗೂ ಮುಂಗಡ ನೋಂದಣಿ ಬಂದಿದೆ. ಇದನ್ನು ಕಿರಿಕಿರಿ ಎಂದುಕೊಳ್ಳುವವರು ಆ ಕಡಿದಾದ ಇಕ್ಕಟ್ಟು ರಸ್ತೆಯಲ್ಲಿ ಎದುರುಬದುರಾಗಿ ಸಿಕ್ಕಿಕೊಂಡ ಗಾಡಿಗಳ ನಡುವೆ ಎರಡು ತಾಸು ಕಳೆದವರನ್ನು ಕೇಳಲಿ. ಪ್ರವಾಸಿಗಳು ಇಡೀ ಋತುವಿಗೆ ಹರಡಿಕೊಂಡು ಬಂದರೆ ಊರಿಗೆ ಬರುವ ದುಡ್ಡು ಕಡಿಮೆಯಾಗುವುದಿಲ್ಲ, ನಿಯಮಗಳ ಕಟ್ಟುನಿಟ್ಟೂ ಅಷ್ಟು ಬೇಕಾಗುವುದಿಲ್ಲ.

ಕೆಲಸದ ಪಂಚಾಂಗದ ಜೊತೆ ಕಾಯಿಲೆಯ ಪಂಚಾಂಗವನ್ನೂ ನೋಡಬೇಕು, ಪ್ರವಾಸದ ಪಟ್ಟಿಗಳಲ್ಲಿ ಅದು ಇರುವುದಿಲ್ಲ. ಮಂಗನಕಾಯಿಲೆ ಮೊದಲು ಗುರುತಿಗೆ ಬಂದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಹರಡುವ ಉಣ್ಣೆಗಳು ಚುರುಕಾಗುವುದು ಮಳೆ ನಿಂತು ಕಾಡಿನ ನೆಲ ಒಣಗಿದ ಮೇಲೆ. ಡಿಸೆಂಬರಿನಿಂದ ಬೇಸಿಗೆಯವರೆಗೂ ಅದರ ಕಾಲ. ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಸಿದ್ದಾಪುರದ ಜನ ಕೊಟ್ಟಿಗೆಗೆ, ತೋಟಕ್ಕೆ ದರಗು ಗುಡಿಸಿ ತರಲು ಕಾಡಿಗೆ ಹೋಗಲೇಬೇಕಾದ ತಿಂಗಳುಗಳೂ ಅವೇ. ಉಣ್ಣೆ ಹತ್ತದಿರಲೆಂದು ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗುತ್ತಾರೆ. ಅವರಿಗೆ ಬೇರೆ ದಾರಿಯಿಲ್ಲ, ಪ್ರವಾಸಿಗೆ ಇದೆ. ಮಂಗ ಸತ್ತುಬಿದ್ದ ಸುದ್ದಿ ಇರುವ ಕಡೆ ಹೋಗಬಾರದು. ಕಾಲುದಾರಿ ಬಿಟ್ಟು ತರಗೆಲೆಯ ಮೇಲೆ ಚಡ್ಡಿಯಲ್ಲಿ ಓಡಾಡುವ, ಕೂತು ಊಟದ ಡಬ್ಬಿ ಬಿಚ್ಚುವ ಉಮೇದು ಬೇಡ. ಬಂದ ಮೇಲೆ ಬಿಸಿನೀರಿನ ಸ್ನಾನ. ಹೆದರಿ ಮನೆಯಲ್ಲಿ ಕೂರುವಂಥದ್ದೇನಲ್ಲ, ಹೋಗುವ ಊರಿನವರನ್ನು ಒಂದು ಮಾತು ಕೇಳುವಂಥದ್ದು. ಕಾಫಿ ಸೀಮೆಯಲ್ಲಿ ಹಾಗೆಯೇ ಆನೆಯ ವಿಚಾರ ಕೇಳಬೇಕು. ಆನೆ ತೋಟಕ್ಕೆ ಇಳಿದಿದೆ ಎಂದರೆ ಅಂದು ಕೂಲಿಯವರೇ ಹೊರಡುವುದಿಲ್ಲ, ಪ್ರವಾಸಿ ಮುಂಜಾನೆಯ ನಡಿಗೆ ಎಂದು ಹೊರಡುವುದು ಶೌರ್ಯವಲ್ಲ. ಕತ್ತಲಾದ ಮೇಲೆ ಘಾಟಿ ಇಳಿಯುವುದೂ ಅಷ್ಟೇ. ಹದಿನಾಲ್ಕು ಕಡಿದಾದ ತಿರುವುಗಳ ಆಗುಂಬೆ ಘಾಟಿಯನ್ನು ಮಂಜು ಕವಿದ ರಾತ್ರಿ ಇಳಿಯುವುದರಿಂದ ಉಳಿಯುವ ಒಂದು ರಾತ್ರಿಯ ಬಾಡಿಗೆ ಅಂಥ ದೊಡ್ಡ ಉಳಿತಾಯವೇನಲ್ಲ.

ಅಷ್ಟು ಹಸಿರು, ನೀರು ಬೇಕಾದವರು ಮಳೆಗಾಲದಲ್ಲೇ ಹೋಗಲಿ ಎಂದರೆ, ಭೂಕುಸಿತ, ರಸ್ತೆ ಬಂದ್, ಜಿಗಣೆ ಎಂಬ ಮಾತು ಬರುತ್ತದೆ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಆದದ್ದನ್ನು ನೆನೆದರೆ ಆ ಅಳುಕು ಸುಳ್ಳಲ್ಲ. ನೀರು ನೋಡಬೇಕೆನ್ನುವವರಿಗೆ ಮಳೆ ಹಿಂದೆಗೆದ ಸೆಪ್ಟೆಂಬರ್ ಕೊನೆ, ಅಕ್ಟೋಬರಿನ ದಸರೆಯ ರಜೆ ವಾಸಿ. ಜಲಪಾತಗಳಲ್ಲಿ ಇನ್ನೂ ನೀರಿರುತ್ತದೆ, ಗುಡ್ಡದಲ್ಲಿ ಹಸಿರಿರುತ್ತದೆ. ಚಳಿಗಾಲದಿಂದ ಮಳೆಗಾಲವನ್ನು ಬಯಸುವುದನ್ನು ಬಿಟ್ಟರೆ ಎರಡಕ್ಕೂ ಮರ್ಯಾದೆ.

ಇನ್ನುಳಿದದ್ದು ಬುಕಿಂಗ್. ಕೋಣೆ ಖಾಲಿ ಇದೆಯೇ, ಬಿಸಿನೀರು ಬರುತ್ತದೆಯೇ, ವೈಫೈ ಇದೆಯೇ ಎಂದು ಕೇಳುವುದರ ಜೊತೆಗೆ ಇನ್ನೆರಡು ಪ್ರಶ್ನೆ ಸೇರಿಸಬೇಕು: ಆ ವಾರ ನಿಮ್ಮಲ್ಲಿ ಯಾವ ಕೆಲಸ ನಡೆಯುತ್ತಿರುತ್ತದೆ, ನಾವು ಬಂದರೆ ತೊಂದರೆಯಾಗುತ್ತದೆಯೇ? ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿದ, ಮನೆಯವರೇ ವಾಸವಿದ್ದು ತೋಟ ಮಾಡುವ ಕಡೆ ಮಾತ್ರ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಹೊರಗಿನವರು ತೋಟದ ನಡುವೆ ಕಟ್ಟಿ ಈಜುಕೊಳ ಮಾಡಿಸಿದ ಕಡೆ ಕೇಳಿದರೆ ಸ್ವಾಗತದ ಮೇಜಿನವರು ಬಾನ್‌ಫೈರ್ ಎಂದು ಉತ್ತರಿಸಿಯಾರು. ಮನೆಯವರು ಕೆಲವೊಮ್ಮೆ, ಆ ವಾರ ಬರಬೇಡಿ, ಎರಡನೇ ಸುತ್ತಿನ ಹಣ್ಣು ಬಂದಿರುತ್ತದೆ, ಅಡುಗೆಗೂ ಜನವಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಾರೆ. ಬೇಜಾರು ಮಾಡಿಕೊಳ್ಳದೆ ಸಂಕ್ರಾಂತಿ ಕಳೆದು ಬರುವ ಯಾವುದಾದರೂ ಮಂಗಳವಾರದಿಂದ ಶುಕ್ರವಾರದವರೆಗೆ ಕೇಳಬೇಕು. ಗಣರಾಜ್ಯೋತ್ಸವದ ಆಚೀಚೆ ಬಿಟ್ಟು. ಚಳಿ ಆಗಲೂ ಅಷ್ಟೇ ಇರುತ್ತದೆ, ಮಂಜೂ ಬೀಳುತ್ತದೆ. ರೊಬಸ್ಟಾ ಕೊಯ್ಲು ಭರದಲ್ಲಿರುತ್ತದೆ, ಮೆಣಸಿನ ಬಳ್ಳಿಗೆ ಏಣಿ ಇಟ್ಟಿರುತ್ತಾರೆ, ಶಿರಸಿ, ಸಿದ್ದಾಪುರದ ಕಡೆ ಆಲೆಮನೆಗಳಲ್ಲಿ ಕಬ್ಬಿನ ಹಾಲು ಕುದಿಯತೊಡಗಿರುತ್ತದೆ, ಕೋಣೆಯ ಬಾಡಿಗೆಯೂ ಇಳಿದಿರುತ್ತದೆ.